ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ

ಕಾಫಿ ಬಗ್ಗಿಸುವಾಗ ನಾನು ಪಾತ್ರೆಯ ಮೂತಿಯನ್ನು ಮೊದಲು ಲೋಟದ ಅಂಚಿಗೆ ತಾಗಿಸುತ್ತೇನೆ. ಠಣ್ ಎಂದ ಮೇಲೆಯೇ ಬಗ್ಗಿಸುವುದು. ಮನೆಗೆ ಬಂದವರಲ್ಲಿ ಕೆಲವರು ಇದು ನಮ್ಮ ಕಡೆಯ ಯಾವುದೋ ಶಾಸ್ತ್ರವಿರಬೇಕು ಎಂದುಕೊಂಡಿದ್ದಾರೆ. ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಹುಡುಗಿ, "ಆಂಟಿ, ಗಂಟೆ ಬಾರಿಸಿಯೇ ಕಾಫಿ ಕೊಡೋದಾ ನೀವು?" ಎಂದು ಕೇಳಿದಳು. "ಹೌದಮ್ಮ, ನಮ್ಮಲ್ಲಿ ಕಾಫಿಗೂ ಮಂಗಳಾರತಿ" ಎಂದೆ. ಅವಳು ನಂಬಿದಂತೆ ಕಂಡಿತು.

ನೀವೇನೂ ಪಕ್ಕದ ಮನೆಯವರಲ್ಲವಲ್ಲ, ನಿಮಗೆ ನಿಜ ಹೇಳಬಹುದು. ನನ್ನ ಎಡಗಣ್ಣು ಹೆಸರಿಗೆ ಮಾತ್ರ ಕಣ್ಣು. ನೋಡಲು ಬಲಗಣ್ಣಿನಷ್ಟೇ ಲಕ್ಷಣವಾಗಿದೆ. ಕಾಡಿಗೆ ಹಚ್ಚಿದರೆ ಹಚ್ಚಿಸಿಕೊಳ್ಳುತ್ತದೆ, ಅತ್ತರೆ ಜೊತೆಗೆ ಅಳುತ್ತದೆ, ನಿದ್ದೆ ಬಂದರೆ ಅದೇ ಮೊದಲು ಮುಚ್ಚುತ್ತದೆ. ಕೆಲಸ ಮಾತ್ರ ಮಾಡುವುದಿಲ್ಲ. ಸರ್ಕಾರಿ ಕಚೇರಿಯಲ್ಲಿದ್ದಿದ್ದರೆ ಪಿಂಚಣಿಯನ್ನೂ ಪಡೆಯುತ್ತಿತ್ತು. ಬಲಗಣ್ಣು ಮುಚ್ಚಿಕೊಂಡರೆ ಬೆಳಕಿದೆ, ಯಾರೋ ಓಡಾಡುತ್ತಿದ್ದಾರೆ ಎನ್ನುವಷ್ಟು ಗೊತ್ತಾಗುತ್ತದೆ, ಅಷ್ಟೇ. ಎರಡು ಕಣ್ಣೂ ಕೂಡಿ ನೋಡಿದರೆ ಮಾತ್ರ ಲೋಟ ಎಷ್ಟು ದೂರದಲ್ಲಿದೆ ಎನ್ನುವುದು ಥಟ್ಟನೆ ತಿಳಿಯುತ್ತದಂತೆ. ನನಗೆ ಆ ಭಾಗ್ಯವಿಲ್ಲದ್ದರಿಂದ ತಾಗಿಸಿ ನೋಡುತ್ತೇನೆ.

ಇದು ಮನೆಯಲ್ಲಿ ಗೊತ್ತಾದದ್ದು ನನಗೆ ಏಳೆಂಟು ವರ್ಷವಿದ್ದಾಗ, ತಿಪಟೂರಿನಲ್ಲಿ. ಐದು ಕಲ್ಲಿನ ಆಟದಲ್ಲಿ ನಾನು ಮೇಲಕ್ಕೆ ಹಾರಿಸಿದ ಕಲ್ಲು ಒಮ್ಮೆಯೂ ನನ್ನ ಕೈಗೆ ವಾಪಸು ಬರುತ್ತಿರಲಿಲ್ಲ. ಒಂದು ದಿನ ನೆತ್ತಿಗೇ ಬಿತ್ತು. ಅಮ್ಮ ಅರಿಶಿನ ಹಚ್ಚುತ್ತಾ ಏನು ಹೊಳೆಯಿತೋ, ಒಂದೊಂದೇ ಕಣ್ಣು ಮುಚ್ಚಿಸಿ ಎಷ್ಟು ಬೆರಳು ಎಂದು ಕೇಳಿದಳು. ಬಲಗಣ್ಣು ಮುಚ್ಚಿದಾಗ ನಾನು ಬಾಯಿಗೆ ಬಂದ ಸಂಖ್ಯೆ ಹೇಳಿದೆ. ಅಜ್ಜಿ ಅಲ್ಲೇ ಕೂತಿದ್ದವಳು, "ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ" ಎಂದಳು. ಅಮ್ಮ ಎದ್ದು ಹೋಗಿ ಬೀದಿಬಾಗಿಲು ಹಾಕಿಕೊಂಡು ಬಂದಳು. ಆ ಬಾಗಿಲು ಆಮೇಲೆ ಹದಿಮೂರು ವರ್ಷ ತೆರೆಯಲಿಲ್ಲ ಎನ್ನಿ.

ಆಗೆಲ್ಲ ಹೆಣ್ಣು ನೋಡಲು ಬಂದವರು ಹಾಡು ಹೇಳಿಸುತ್ತಿದ್ದರು, ನಡೆಸಿ ನೋಡುತ್ತಿದ್ದರು. ಜಾಣ ಅತ್ತೆಯಂದಿರಾದರೆ ಸೂಜಿ ದಾರ ಕೊಟ್ಟು ಪೋಣಿಸು ಅನ್ನುತ್ತಿದ್ದರು. ಅಮ್ಮನಿಗೆ ಭಯವಿದ್ದದ್ದು ಅದೊಂದಕ್ಕೇ. ಒಂದು ತಿಂಗಳು ದಿನಾ ಮಧ್ಯಾಹ್ನ ನನಗೆ ತಾಲೀಮು ನಡೆಯಿತು. ಸೂಜಿಯನ್ನು ಎಡಗೈ ಹೆಬ್ಬೆರಳಿನ ಉಗುರಿಗೆ ಒರಗಿಸಬೇಕು, ದಾರದ ತುದಿಯನ್ನು ಅದೇ ಉಗುರಿಗೆ ತಾಗಿಸಬೇಕು, ಉಗುರಿನ ಮೇಲೆಯೇ ಜಾರಿಸಿಕೊಂಡು ಹೋಗಿ ಸೂಜಿಗಣ್ಣಿಗೆ ತೂರಿಸಬೇಕು. ಗಾಳಿಯಲ್ಲಿ ಹುಡುಕಲು ಹೋದರೆ ಕೆಟ್ಟೆ. ನನ್ನ ಅತ್ತೆಯಾಗಲಿದ್ದವರು ಎಲೆಅಡಿಕೆ ಚೀಲದಿಂದಲೇ ಸೂಜಿ ತೆಗೆದರು. ನಾನು ಒಂದೇ ಉಸಿರಿಗೆ ಪೋಣಿಸಿ ಕೊಟ್ಟೆ. "ಹುಡುಗಿ ಕಣ್ಣು ಚುರುಕಾಗಿದೆ" ಎಂದು ಅವರು ಮಗನ ಕಡೆ ತಿರುಗಿದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾವು ಒಂದನ್ನೂ ಹೇಳಲಿಲ್ಲ, ಸುಮ್ಮನೆ ಪೋಣಿಸಿದೆವು.

ನಗಬೇಡಿ. ನಮ್ಮ ಬೀದಿಯಲ್ಲೇ ಒಬ್ಬಳಿಗೆ ಮೂರ್ಛೆ ಬರುತ್ತಿದ್ದುದನ್ನು ಮುಚ್ಚಿಟ್ಟು ಮದುವೆ ಮಾಡಿದ್ದರು. ಮೂರು ತಿಂಗಳಿಗೆ ಅವಳು ಟ್ರಂಕಿನ ಸಮೇತ ತವರಿಗೆ ಬಂದು ಕೂತಳು. ಆಮೇಲೆ ಯಾರೂ ಅವಳನ್ನು ಕರೆದುಕೊಂಡು ಹೋಗಲು ಬರಲಿಲ್ಲ. ನಾನು ಮದುವೆಯಾಗಿ ಅಹಮದಾಬಾದಿಗೆ ಹೊರಟಾಗ ಅಮ್ಮ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: "ಆ ಟ್ರಂಕು ನೆನಪಿಟ್ಟುಕೋ."

ಅರವತ್ತರ ದಶಕದ ಮೊದಲ ವರ್ಷಗಳು ಅವು. ಇವರು ಅಹಮದಾಬಾದಿನ ಒಂದು ಸಂಶೋಧನಾಲಯದಲ್ಲಿ ಉಪಕರಣಗಳ ವಿಭಾಗದಲ್ಲಿದ್ದರು. ಸಾಬರಮತಿಯ ಈಚೆ ದಡದಲ್ಲಿ ಒಂದು ಮನೆಯ ಮಹಡಿ ನಮ್ಮದು. ನದಿ ಎಂದರೆ ಬಹುಪಾಲು ಮರಳು, ಆ ಮರಳಿನ ಮೇಲೆ ಒಣಹಾಕಿದ ಬಣ್ಣದ ಬಟ್ಟೆಗಳು. ಬೇಳೆಗೆ ಬೆಲ್ಲ ಹಾಕುವ ಊರಿನಲ್ಲಿ ಮೊದಲ ಒಂದು ತಿಂಗಳು ನನಗೆ ಊಟ ಯಾವುದು, ತಿಂಡಿ ಯಾವುದು ತಿಳಿಯಲಿಲ್ಲ. ಇನ್ನೊಂದು ಪೇಚು ನನ್ನ ತಲೆಯದು. ಒಂದೇ ಕಣ್ಣಿನವರು ದೂರ ಹತ್ತಿರ ತಿಳಿಯಲು ತಲೆಯನ್ನು ಅತ್ತ ಇತ್ತ ಸರಿಸುತ್ತಾ ಇರುತ್ತಾರೆ. ತಲೆ ಸರಿಸಿದರೆ ಹತ್ತಿರದ್ದು ಬೇಗ ಸರಿಯುತ್ತದೆ, ದೂರದ್ದು ನಿಧಾನವಾಗಿ. ನನಗೆ ಅದು ಉಸಿರಾಟದಷ್ಟೇ ಅಭ್ಯಾಸ. ತರಕಾರಿ ಗಾಡಿಯ ಮುಂದೆ ಹೀಗೆ ತಲೆ ಆಡಿಸಿದರೆ ಗಾಡಿಯವನು ಒಪ್ಪಿದಳೆಂದು ತೂಕ ಹಾಕಿಬಿಡುತ್ತಿದ್ದ. ಆ ವರ್ಷ ನಾವು ತಿಂದ ಹೂಕೋಸಿಗೆ ಮಿತಿಯೇ ಇಲ್ಲ.

ಆರು ತಿಂಗಳು ಹೀಗೆಯೇ ಕಳೆದಿತ್ತು. ಬಾಗಿಲು ಭದ್ರವಾಗಿ ಹಾಕಿಯೇ ಇದೆ ಎಂದು ನಾನು ನೆಮ್ಮದಿಯಾಗಿದ್ದೆ. ಆಗ ಇವರು ಒಂದು ಸಂಜೆ ಬಡೋದೆಯಿಂದ ಒಂದು ಮರದ ಪೆಟ್ಟಿಗೆ ಹಿಡಿದು ಬಂದರು.

ಬಡೋದೆಯಲ್ಲಿ ಇವರಿಗೆ ರೈಲಿನಲ್ಲಿ ಪರಿಚಯವಾದ ಒಬ್ಬ ಮುದುಕರಿದ್ದರು. ಸಂಸ್ಥಾನದ ಕಾಲದಲ್ಲಿ ಓವರ್‌ಸಿಯರ್ ಆಗಿದ್ದವರು. ನಾವೂ ಎಲ್ಲರಂತೆ ಕಾಕಾ ಎನ್ನುತ್ತಿದ್ದೆವು. ಕಾಕಾನ ಅಜ್ಜ ಹಿಂದಿನ ಶತಮಾನದಲ್ಲಿ ಫೋಟೋ ಹುಚ್ಚಿನವರು. ಎತ್ತಿನಗಾಡಿಯಲ್ಲಿ ಡೇರೆ, ಗಾಜಿನ ಫಲಕ, ರಾಸಾಯನಿಕದ ಜಾಡಿ ಹೇರಿಕೊಂಡು ಅಹಮದಾಬಾದ್, ಬಡೋದೆ, ಸೂರತ್ ಸುತ್ತಿ ಕಟ್ಟಡಗಳ ಚಿತ್ರ ತೆಗೆದಿದ್ದರು. ಅದೂ ಒಂದು ಕಣ್ಣಿನ ಕ್ಯಾಮರಾದಲ್ಲಲ್ಲ, ಎರಡು ಕಣ್ಣಿನದರಲ್ಲಿ. ನಮ್ಮ ಎರಡು ಕಣ್ಣಿನ ನಡುವೆ ಎಷ್ಟು ಅಂತರವೋ ಅಷ್ಟೇ ಅಂತರದಲ್ಲಿ ಎರಡು ಮಸೂರ, ಒಂದೇ ಕಟ್ಟಡದ ಎರಡು ಚಿತ್ರ. ಅವೆರಡನ್ನೂ ಒಂದು ರಟ್ಟಿನ ಮೇಲೆ ಅಕ್ಕಪಕ್ಕ ಅಂಟಿಸಿ, ಹಿಡಿಕೆಯಿರುವ ಒಂದು ನೋಟದ ಪೆಟ್ಟಿಗೆಗೆ ಸಿಕ್ಕಿಸಿ ಎರಡು ಕಣ್ಣಿಟ್ಟು ನೋಡಿದರೆ, ಎರಡೂ ಸೇರಿ ಒಂದಾಗಿ ಕಟ್ಟಡ ಎದ್ದು ನಿಲ್ಲುತ್ತದಂತೆ. ಕಾಕಾನ ಮನೆಯಲ್ಲಿ ಅದಕ್ಕೆ ದೂರಬೀನು ಎಂದೇ ಹೆಸರು.

ಇವರು ಜುಮ್ಮಾ ಮಸೀದಿಯ ಕಂಬಗಳ ಚಿತ್ರ ಸಿಕ್ಕಿಸಿ ಮೊದಲು ತಾವು ನೋಡಿದರು. "ಅಬ್ಬಾ, ಮುಂದಿನ ಕಂಬ ಮೂಗಿಗೇ ಬಂತು" ಎಂದು ತಲೆ ಹಿಂದಕ್ಕೆ ಎಳೆದುಕೊಂಡರು. ಆಮೇಲೆ, "ನೋಡು ಸುಮಿ" ಎಂದು ನನ್ನ ಕೈಗಿತ್ತರು.

ನಾನು ಕಣ್ಣಿಟ್ಟೆ. ಒಂದು ಮಾಸಲು ಚಿತ್ರ ಕಂಡಿತು. ಒಂದೇ, ಬಲಗಡೆಯದು. ಕಂಬಗಳು ಕ್ಯಾಲೆಂಡರಿನಲ್ಲಿದ್ದಂತೆ ಕಾಗದದ ಮೇಲೆ ಇದ್ದವು. ಸೂಜಿಗೆ ತಾಲೀಮು ಮಾಡಿದ್ದೆವು, ಇದಕ್ಕೆ ಮಾಡಿರಲಿಲ್ಲ. ಏನು ಕಾಣಬೇಕು ಎನ್ನುವುದೇ ಗೊತ್ತಿಲ್ಲದವಳು ಕಂಡಂತೆ ನಟಿಸುವುದಾದರೂ ಹೇಗೆ, ನೀವೇ ಹೇಳಿ. "ಹೂಂ, ಮೂಗಿಗೇ ಬಂತು" ಎಂದು ನಾನೂ ತಲೆ ಹಿಂದಕ್ಕೆಳೆದೆ. ಇವರ ಮುಖ ಅರಳಿತು. ಒಂದು ಸುಳ್ಳಿಗೆ ಒಬ್ಬ ಮನುಷ್ಯ ಇಷ್ಟೊಂದು ಸಂತೋಷಪಡಬಹುದು ಎಂದು ನಾನು ತಿಳಿದಿರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಪರದಾಟ. ವಾರಕ್ಕೊಮ್ಮೆ ಕಾಕಾನ ಹತ್ತಿರದಿಂದ ಐದಾರು ಚಿತ್ರ ತರುತ್ತಿದ್ದರು, ಪ್ರತಿಯೊಂದನ್ನೂ ನಾನು ನೋಡಬೇಕು. ನಾನು ಚಿತ್ರ ನೋಡುವುದನ್ನು ಬಿಟ್ಟು ಇವರ ಮುಖ ನೋಡಲು ಕಲಿತೆ. ಇವರು ಹುಬ್ಬೇರಿಸಿದರೆ ಗೋಪುರ ಎದ್ದಿದೆ ಎಂದರ್ಥ. ಉಸಿರೆಳೆದುಕೊಂಡರೆ ಒಳಗೆ ಆಳವಾದ ಪಡಸಾಲೆ ಇದೆ. ಒಮ್ಮೆ ಬಡೋದೆಯ ಮಾಂಡವಿ ಬಾಗಿಲಿನ ಚಿತ್ರ ನೋಡುತ್ತಾ ಕೈ ಮುಂದೆ ಚಾಚಿ ಕಮಾನನ್ನು ಮುಟ್ಟಲು ಹೋದಂತೆ ಮಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಇವರು ಆಫೀಸಿನಲ್ಲಿ, "ನನ್ನ ಹೆಂಡತಿಯ ಕಣ್ಣು ನನಗಿಂತ ಸೂಕ್ಷ್ಮ" ಎಂದು ಹೇಳಿಕೊಂಡು ಬಂದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಯಾರಾದರೂ ಗೆಳೆಯರು ಮನೆಗೆ ಬಂದರೆ ನಾನು ಅಡುಗೆಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಅವರಿಗೆಲ್ಲ ನಾನು ಬಹಳ ಸಂಕೋಚದ ಹೆಂಗಸು.

ಆ ವರ್ಷ ಮೇ ತಿಂಗಳಲ್ಲಿ ಕಾಕಾನ ಅಣ್ಣ ನೈರೋಬಿಯಿಂದ ಬರುವವರಿದ್ದರು. ಹದಿನಾರನೇ ವಯಸ್ಸಿನಲ್ಲಿ ಹಡಗು ಹತ್ತಿದವರು, ಎಂಬತ್ತರ ಹತ್ತಿರ ಈಗ ಬರುತ್ತಿದ್ದಾರೆ. ಅವರು ಕಾಗದದಲ್ಲಿ ಕೇಳಿದ್ದು ಒಂದನ್ನೇ, ಅಜ್ಜನ ಚಿತ್ರಗಳು ಇವೆಯೇ ಎಂದು. ಇದ್ದವು. ಆದರೆ ಬೆಳ್ಳಿಹುಳು ಹತ್ತಿ, ಥಂಡಿ ಹೀರಿ, ಇಪ್ಪತ್ತು ರಟ್ಟುಗಳಿಂದ ಚಿತ್ರಗಳು ಎದ್ದು ಸುರುಳಿಯಾಗಿದ್ದವು. ಹೊಸ ರಟ್ಟಿಗೆ ಅಂಟಿಸಿಕೊಡುತ್ತೇನೆ ಎಂದು ಇವರು ಒಪ್ಪಿಕೊಂಡು ಬಂದರು. ಅಂಟಿಸುವವಳು ನಾನೇ. ಮೈದಾಹಿಟ್ಟಿನ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕಾಯಿಸುವುದು ನನಗೆ ಅಪ್ಪನಿಂದ ಬಂದ ವಿದ್ಯೆ, ಹುಳ ಬರುವುದಿಲ್ಲ. ಚಪ್ಪಟೆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಕಡಿಮೆ.

"ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಅಷ್ಟೇ ನೋಡ್ಕೋ" ಎಂದು ಇವರು ಹೇಳಿದ್ದರು. "ಅದಲುಬದಲಾದ್ರೆ ದೂರದ್ದೆಲ್ಲ ಮುಂದೆ ಬರುತ್ತೆ, ಹತ್ರದ್ದೆಲ್ಲ ಹಿಂದೆ ಹೋಗುತ್ತೆ. ಒಂದ್ಸಲ ದೂರಬೀನಲ್ಲಿಟ್ರೆ ಗೊತ್ತಾಗಿಬಿಡುತ್ತೆ ಬಿಡು, ನಿನ್ನ ಕಣ್ಣಿಗೆ ಹೇಳ್ಬೇಕಾ."

ಹನ್ನೊಂದು ರಟ್ಟು ಸರಿಯಾಗಿಯೇ ಮಾಡಿದೆ. ಒಂದೊಂದು ಜೋಡಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಎಡದ್ದನ್ನು ಎಡಕ್ಕೇ ಇಟ್ಟುಕೊಂಡು ಅಂಟಿಸಿದೆ. ಮಿಕ್ಕ ಒಂಬತ್ತನ್ನು ಒಟ್ಟಿಗೆ ಮುಗಿಸಿಬಿಡೋಣವೆಂದು ಶನಿವಾರ ಮಧ್ಯಾಹ್ನ ಎಲ್ಲ ಬಿಡಿಸಿ, ಜೋಡಿ ಜೋಡಿಯಾಗಿ ಹಳೇ ಪಂಚೆಯ ಮೇಲೆ ಆರಹಾಕಿದೆ. ಭಾನುವಾರ ಬೆಳಿಗ್ಗೆಯೇ ಬಡೋದೆಗೆ ಹೊರಡಬೇಕು. ಇವರು ಆಫೀಸಿನಲ್ಲಿ ಯಾವುದೋ ಯಂತ್ರ ಕೆಟ್ಟಿತೆಂದು ಹಿಂದಿನ ದಿನದಿಂದ ಅಲ್ಲೇ ಇದ್ದರು. ನಾನು ಅಂಟು ಕಾಯಿಸಲು ಒಳಗೆ ಹೋದೆ. ಮೇ ತಿಂಗಳ ಆ ಬಿಸಿಗಾಳಿ ನಿಮಗೆ ಗೊತ್ತಿರಲಾರದು. ನದಿಯ ಮರಳನ್ನೇ ಎತ್ತಿಕೊಂಡು ಬರುತ್ತದೆ. ಬಾಗಿಲು ದಡಾರೆಂದಿತು. ಬಂದು ನೋಡಿದರೆ ಪಂಚೆಯ ಮೇಲೆ ಏನೂ ಇಲ್ಲ. ಹದಿನೆಂಟು ಚಿತ್ರಗಳೂ ಒಣಗಿದ ಎಲೆಯಂತೆ ಸುರುಟಿಕೊಂಡು ವರಾಂಡದ ತುಂಬಾ ಓಡಾಡುತ್ತಿದ್ದವು.

ಬಗ್ಗಿ, ತೆವಳಿ ಎಲ್ಲವನ್ನೂ ಹಿಡಿದೆ. ಜೋಡಿ ಸೇರಿಸುವುದು ಕಷ್ಟವಾಗಲಿಲ್ಲ, ಗೋರಿಗೆ ಗೋರಿ, ಮಿನಾರಿಗೆ ಮಿನಾರು. ಆದರೆ ಯಾವುದು ಎಡ, ಯಾವುದು ಬಲ? ಬಲಗಣ್ಣನ್ನು ಕಾಗದಕ್ಕೆ ಅಂಟಿಸಿದಂತೆ ಇಟ್ಟು ನೋಡಿದೆ. ಎರಡೂ ಒಂದೇ. ದೂರಬೀನಿನಲ್ಲಿ ಹೀಗಿಟ್ಟು ನೋಡಿದೆ, ಹಾಗಿಟ್ಟು ನೋಡಿದೆ. ನನಗೆ ಯಾವಾಗಲೂ ಕಾಣುವಂತೆ ಕಂಡಿತು. ಕೆಳಗಿನ ಮನೆಯವರನ್ನು ಕರೆದು ತೋರಿಸಬಹುದಿತ್ತು. ಕರೆದರೆ, ನಿನಗೆ ಕಾಣುವುದಿಲ್ಲವೇ ಎಂದು ಕೇಳುತ್ತಾರೆ. ಕೊನೆಗೆ ದೇವರ ಮೇಲೆ ಭಾರ ಹಾಕಿ ಕೈಗೆ ಬಂದಂತೆ ಒಂಬತ್ತನ್ನೂ ಅಂಟಿಸಿದೆ. ದೇವರಿಗೆ ಬೇರೆ ಕೆಲಸವಿದ್ದಿರಬೇಕು.

ಇವರು ಭಾನುವಾರ ಬೆಳಿಗ್ಗೆ ಬಂದವರು ಸ್ನಾನ ಮಾಡಿ, ಅಂಗಿ ಬದಲಿಸುತ್ತಾ, "ಎಲ್ಲಾ ಒಂದ್ಸಲ ಹಾಕಿ ನೋಡಿದ್ಯಾ?" ಎಂದರು.

ಹೇಳಲು ಅದೊಂದು ಸಮಯವಿತ್ತು. "ನೋಡಿದೆ" ಎಂದೆ.

ರೈಲಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಇವರು ಆರಾಮವಾಗಿ ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡಿದರು. ನಾನು ಆ ಎರಡೂವರೆ ಗಂಟೆ ಲೆಕ್ಕ ಹಾಕುತ್ತಾ ಕೂತೆ. ಒಂಬತ್ತೂ ಸರಿಯಾಗಿರಬಹುದು, ಒಂಬತ್ತೂ ತಪ್ಪಿರಬಹುದು. ಎಷ್ಟು ತಪ್ಪಿದೆ ಎನ್ನುವುದು ಮುಖ್ಯವಲ್ಲ, ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ. ಒಂದು ತಪ್ಪಿದ್ದರೂ ನೋಡದೆಯೇ ನೋಡಿದೆ ಎಂದದ್ದು ಗೊತ್ತಾಗುತ್ತದೆ. ಯಾಕೆ ನೋಡಲಿಲ್ಲ ಎಂದು ಕೇಳುತ್ತಾರೆ. ಅಲ್ಲಿಗೆ ತಿಪಟೂರಿನ ಬಾಗಿಲು ತೆರೆಯುತ್ತದೆ. ಆಣಂದ್ ಸ್ಟೇಷನ್ ಬಂದಾಗ ಇವರು ಎದ್ದು ಚಹಾ ತಂದುಕೊಟ್ಟರು. ನಾನು ಸೀರೆಯ ಮೇಲೆ ಚೆಲ್ಲಿಕೊಂಡೆ.

ಬಡೋದೆಯ ಅಲ್ಕಾಪುರಿಯಲ್ಲಿ ಕಾಕಾನ ಮನೆ, ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ನಡುಮನೆಯ ಹಿತ್ತಾಳೆ ಸರಪಳಿಯ ಉಯ್ಯಾಲೆಯಲ್ಲಿ ಅಣ್ಣ ಕೂತಿದ್ದರು. ಅವರನ್ನು ಎಲ್ಲರೂ ಮೋಟಾಭಾಯಿ ಅನ್ನುತ್ತಿದ್ದರು, ಹಾಗೆಂದರೆ ದೊಡ್ಡಣ್ಣ. ಆ ಸೆಖೆಯಲ್ಲೂ ಕೋಟು ಹಾಕಿ, ಮಂಡಿಯ ಮೇಲೆ ಎರಡು ಕೈ ಇಟ್ಟುಕೊಂಡು, ಪರೀಕ್ಷೆಗೆ ಬಂದ ಹುಡುಗನ ಹಾಗೆ ಕಾಯುತ್ತಿದ್ದರು. ಪರೀಕ್ಷೆ ಇದ್ದದ್ದು ಮಾತ್ರ ನನಗೆ.

ಮೊದಲ ಚಿತ್ರ ಅಹಮದಾಬಾದಿನ ತೀನ್ ದರವಾಜಾ. ಅದು ನಾನು ಸರಿಯಾಗಿ ಅಂಟಿಸಿದ್ದು. ಮೋಟಾಭಾಯಿ ದೂರಬೀನಿಗೆ ಕಣ್ಣಿಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. "ಇಲ್ಲಿ, ಈ ಕಮಾನಿನ ಕೆಳಗೆ ಅಜ್ಜ ನನ್ನನ್ನು ನಿಲ್ಲಿಸಿ ಕಡಲೆ ಕೊಡಿಸಿದ್ದರು" ಎಂದು ಹಿಂದಿಯಲ್ಲಿ ನಮಗಾಗಿ ಹೇಳಿದರು. ಎರಡನೆಯದು, ಮೂರನೆಯದು, ನಾಲ್ಕು. ಪ್ರತಿಯೊಂದಕ್ಕೂ ಒಂದು ಕಥೆ. ಇವರು ಹೆಮ್ಮೆಯಿಂದ ನನ್ನ ಕಡೆ ನೋಡುತ್ತಿದ್ದರು. ನಾನು ಕಾಕಾ ಮುಂದೆ ಯಾವ ರಟ್ಟು ತೆಗೆಯುತ್ತಾರೆ ಎಂದು ಅವರ ಬೆರಳನ್ನೇ ನೋಡುತ್ತಿದ್ದೆ.

ಐದನೆಯದು ಸೂರತ್ತಿನದು. ಅಲ್ಲಿ ಹಳೆಯ ಇಂಗ್ಲಿಷ್ ವರ್ತಕರ ಗೋರಿಗಳಿವೆ. ಗೋರಿ ಎಂದರೆ ಕಲ್ಲುಚಪ್ಪಡಿಯಲ್ಲ, ಕಂಬದ ಮೇಲೆ ಕಂಬ, ಗುಮ್ಮಟದ ಮೇಲೆ ಗುಮ್ಮಟ. ಮೋಟಾಭಾಯಿ ನೋಡಿದರು. ಕಣ್ಣು ತೆಗೆದು ಉಜ್ಜಿಕೊಂಡರು. ಮತ್ತೆ ನೋಡಿದರು.

"ಆ ತೋ ಊಂಧುಂ ಛೇ" ಎಂದರು. ಇದು ತಿರುಗುಮುರುಗಾಗಿದೆ ಎಂದು.

ಕಾಕಾ ಕಣ್ಣಿಟ್ಟು ನೋಡಿ ಇವರ ಕೈಗೆ ಕೊಟ್ಟರು. ಇವರು ನೋಡಿದರು. ಆಕಾಶ ಮುಂದೆ ಬಂದು ಗುಮ್ಮಟ ಅದರ ಹಿಂದೆ ಸಿಕ್ಕಿಕೊಂಡಿತ್ತಂತೆ, ಕಂಬಗಳೆಲ್ಲ ಗೋಡೆಯಲ್ಲಿ ಕೊರೆದ ಗೂಡುಗಳಾಗಿದ್ದವಂತೆ. ಆಮೇಲೆ ಕೇಳಿ ತಿಳಿದದ್ದು. ಆಗ ನನಗೆ ಕಂಡದ್ದು ಇವರ ಕಿವಿ ಕೆಂಪಾದದ್ದು ಮಾತ್ರ. ಪೆಟ್ಟಿಗೆಯಲ್ಲಿದ್ದ ಉಳಿದ ರಟ್ಟುಗಳನ್ನು ತಾವೇ ಒಂದೊಂದಾಗಿ ಹಾಕಿ ನೋಡಿದರು. ಸೂರತ್ತಿನದೂ ಸೇರಿ ಐದು ತಿರುಗಿದ್ದವು.

"ತಪ್ಪು ನನ್ನದು" ಎಂದು ಇವರು ಹಿಂದಿಯಲ್ಲಿ ಹೇಳಿ ಕೈಮುಗಿದರು. "ನಾನೇ ಅಂಟಿಸಿದ್ದು. ಅವಸರ ಮಾಡಿದೆ."

ಮೋಟಾಭಾಯಿ ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. "ಹುಳ ತಿಂದಿರಬಹುದು, ನೀರು ಬಿದ್ದಿರಬಹುದು ಎಂದೆಲ್ಲ ಹಡಗಿನಲ್ಲಿ ಹೆದರುತ್ತಾ ಬಂದೆ" ಎಂದರು. "ಓದಿದವರ ಕೈಯಲ್ಲಿ ಕೆಡುತ್ತದೆ ಎಂದು ಎಣಿಸಿರಲಿಲ್ಲ." ಕಾಕಾ ಪೆಟ್ಟಿಗೆಯನ್ನು ತಮ್ಮ ಕಡೆ ಎಳೆದುಕೊಂಡು, "ಇಲ್ಲೇ ಇರಲಿ ಬಿಡು ಭಾಯಿ" ಎಂದರು. ಇವರು ಮುಗಿದ ಕೈಯನ್ನು ಬಿಚ್ಚದೆ ಹಾಗೆಯೇ ನಿಂತಿದ್ದರು. ಎರಡು ದಿನ ಯಂತ್ರದ ಜೊತೆ ಹೆಣಗಿ ಬಂದ ಮನುಷ್ಯ. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಅದನ್ನು ನೋಡಿ ನಿಲ್ಲುವುದು ನನ್ನಿಂದ ಆಗಲಿಲ್ಲ. ಟ್ರಂಕು ಹಾಳಾಗಿ ಹೋಗಲಿ ಅನ್ನಿಸಿತು.

"ರೀ, ಇದು ನಿಮ್ಮ ತಪ್ಪಲ್ಲ" ಎಂದೆ, ಕನ್ನಡದಲ್ಲಿ.

"ಗೊತ್ತು. ಸುಮ್ನಿರು. ಮನೆಗೆ ಹೋಗಿ ಮಾತಾಡೋಣ."

"ನನಗೆ ಎಡಗಣ್ಣು ಕಾಣಲ್ಲ."

ಇವರು ನನ್ನ ಕಡೆ ತಿರುಗಿದರು. ಆ ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಕನ್ನಡ ತಿಳಿದವರಿರಲಿಲ್ಲ. ಕಾಕಾ, ಮೋಟಾಭಾಯಿ ಇಬ್ಬರೂ ನಮ್ಮ ಬಾಯನ್ನೇ ನೋಡುತ್ತಿದ್ದರು. ಹದಿಮೂರು ವರ್ಷ ಬಾಗಿಲು ಹಾಕಿಕೊಂಡು ಕಾಪಾಡಿದ ಗುಟ್ಟನ್ನು ನಾನು ನಾಲ್ಕು ಜನರೆದುರು ಜೋರಾಗಿಯೇ ಹೇಳುತ್ತಿದ್ದೆ.

"ಚಿಕ್ಕಂದಿನಿಂದ ಕಾಣಲ್ಲ. ಯಾವ ಕಂಬನೂ ಎದ್ದು ಬಂದಿಲ್ಲ ನನಗೆ. ನೀವು ಹೇಳಿದ್ದನ್ನೇ ಹೇಳ್ತಿದ್ದೆ. ನಿನ್ನೆ ಎಲ್ಲ ಗಾಳಿಗೆ ಹಾರಿ ಬೆರೆತುಹೋಯ್ತು, ನೋಡಿದ್ರೂ ಗೊತ್ತಾಗಲಿಲ್ಲ."

ಇವರು ಬಹಳ ಮೆಲ್ಲಗೆ, "ನಮ್ಮಮ್ಮ ಸೂಜಿ ಕೊಟ್ಟಾಗ?" ಎಂದರು.

"ಒಂದು ತಿಂಗಳು ಅಭ್ಯಾಸ ಮಾಡಿದ್ದೆ."

"ಬೇನ್ ಶುಂ ಕಹೇ ಛೇ?" ಎಂದು ಮೋಟಾಭಾಯಿ ಕೇಳಿದರು. ತಂಗಿ ಏನು ಹೇಳುತ್ತಿದ್ದಾಳೆ ಎಂದು.

ಇವರು ನನ್ನ ಮುಖದಿಂದ ಕಣ್ಣು ತೆಗೆಯದೆ ಅವರಿಗೆ ಉತ್ತರ ಕೊಟ್ಟರು. "ಹದಿನೈದು ದಿನ ಕೊಡಿ, ತಾನೇ ಕೂತು ಎಲ್ಲವನ್ನೂ ಸರಿಮಾಡಿ ತರುತ್ತೇನೆ ಅನ್ನುತ್ತಿದ್ದಾಳೆ."

ಅಷ್ಟು ಹಿಂದಿ ನನಗೆ ಬರುತ್ತಿತ್ತು. ನಾನು ಹಾಗೆ ಹೇಳಿಲ್ಲ ಎನ್ನಲು ಬಾಯಿ ತೆರೆದೆ, ಇವರ ಮುಖ ನೋಡಿ ಮುಚ್ಚಿದೆ. ಮೋಟಾಭಾಯಿ ನನ್ನನ್ನು ಅಳೆಯುವಂತೆ ನೋಡಿದರು. ಅಭ್ಯಾಸಬಲದಿಂದ ನನ್ನ ತಲೆ ಅತ್ತ ಇತ್ತ ಆಡಿತು. ಅವರು ಅದನ್ನು ಒಪ್ಪಿಗೆ ಎಂದುಕೊಂಡು ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು.

ವಾಪಸು ರೈಲಿನಲ್ಲಿ ಇವರು ಮಾತಾಡಲಿಲ್ಲ. ಮನೆಯಲ್ಲೂ ಇಲ್ಲ. ಇಬ್ಬರೇ ಇರುವ ಮನೆಯಲ್ಲಿ ಮಾತು ಬಿಟ್ಟು ನೋಡಿ, ಅದರ ಕಷ್ಟ ತಿಳಿಯುತ್ತದೆ. ಇವರು ಗೋಡೆಯ ಕ್ಯಾಲೆಂಡರಿಗೆ, "ಊಟ ಆಯ್ತು" ಅನ್ನುತ್ತಿದ್ದರು. ಹಾಲಿನ ಪಾತ್ರೆಗೆ, "ಇವತ್ತು ಬರೋದು ತಡ" ಅನ್ನುತ್ತಿದ್ದರು. ನಾನೂ ಬಾಗಿಲಿಗೆ, "ಹೂಂ" ಅನ್ನುತ್ತಿದ್ದೆ. ಬಯ್ದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅತ್ತೆಗೆ ಕಾಗದ ಬರೆದಿದ್ದಾರೋ ಏನೋ ಎಂದು ಅಂಚೆಯವನ ಸೈಕಲ್ಲು ಬಂದಾಗಲೆಲ್ಲ ಕಿಟಕಿಗೆ ಓಡುತ್ತಿದ್ದೆ. ಮೂರನೆಯ ದಿನ ಬೆಳಿಗ್ಗೆ ಇವರು ಮಂಚದ ಕೆಳಗಿನಿಂದ ನನ್ನ ಟ್ರಂಕನ್ನು ಎಳೆದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತವಳು ನಿಂತಂತೆಯೇ ಇದ್ದೆ. ಇವರು ಅದನ್ನು ಪಕ್ಕಕ್ಕೆ ಸರಿಸಿ, ಹಿಂದೆ ಇದ್ದ ತಮ್ಮ ಪೆಟ್ಟಿಗೆಯಿಂದ ಕಾಲೇಜಿನ ಕಾಲದ ಕೈವಾರದ ಡಬ್ಬಿ ತೆಗೆದು, ಮೇಜಿನ ಮೇಲೆ ಚಿತ್ರಗಳ ಪಕ್ಕ ಇಟ್ಟು ಆಫೀಸಿಗೆ ಹೋದರು. ಟ್ರಂಕು ಅಲ್ಲೇ ಹೊರಗೆ ಉಳಿಯಿತು. ಅದನ್ನು ಒಳಗೆ ತಳ್ಳಬೇಕೋ ತುಂಬಬೇಕೋ ತಿಳಿಯದೆ ನಾನು ಇಡೀ ದಿನ ದಾಟಿಕೊಂಡು ಓಡಾಡಿದೆ.

ಕೈವಾರ ಯಾಕಿಟ್ಟರು ಎಂದು ಎರಡು ದಿನ ಹೊಳೆಯಲಿಲ್ಲ. ಐದನೆಯ ದಿನ ಕಿಟಕಿಯಲ್ಲಿ ನಿಂತಿದ್ದೆ. ಕಿಟಕಿಗೆ ಕಬ್ಬಿಣದ ಸರಳು, ಆಚೆ ಬೇವಿನ ಮರ. ಸುಮ್ಮನೆ ತಲೆ ಅತ್ತ ಇತ್ತ ಆಡಿಸುತ್ತಿದ್ದೆ, ನನ್ನ ಮಾಮೂಲು ತಲೆ. ತಲೆ ಬಲಕ್ಕೆ ಸರಿಸಿದರೆ ಸರಳು ಮರದ ಮುಂದೆ ಎಡಕ್ಕೆ ಸರಿಯುತ್ತಿತ್ತು. ಎಡಕ್ಕೆ ತಂದರೆ ಬಲಕ್ಕೆ. ಹುಟ್ಟಿದಾಗಿಂದ ನೋಡಿದ್ದು. ಆದರೆ ಆ ದಿನ ನೋಡುತ್ತಾ ಮೈ ಜುಮ್ಮೆಂದಿತು. ಬಲಗಣ್ಣು ಎಂದರೆ ಬಲಕ್ಕೆ ಸರಿದ ತಲೆಯೇ ಅಲ್ಲವೇ? ಹಾಗಾದರೆ ಬಲಗಣ್ಣಿನ ಚಿತ್ರದಲ್ಲಿ ಮುಂದಿನ ಕಂಬ, ಹಿಂದಿನ ಗೋಡೆಯ ಮುಂದೆ ಕೂದಲೆಳೆಯಷ್ಟಾದರೂ ಎಡಕ್ಕೆ ಸರಿದಿರಬೇಕು. ಕಣ್ಣಿಗೆ ಕಾಣದಿದ್ದರೆ ಬೇಡ, ಅಳೆಯಬಹುದಲ್ಲ.

ಓಡಿ ಬಂದು ಕೈವಾರ ತೆಗೆದೆ. ಮೊದಲು ಸರಿಯಿದ್ದ ಹನ್ನೊಂದು ರಟ್ಟುಗಳ ಮೇಲೆ ಪರೀಕ್ಷೆ ಮಾಡಿದೆ. ಮುಂದಿನ ಕಂಬದಿಂದ ಹಿಂದಿನ ಕಿಟಕಿಯವರೆಗೆ ಕೈವಾರದ ಎರಡು ಮುಳ್ಳನ್ನು ಅಗಲಿಸಿ, ಅದನ್ನೇ ಪಕ್ಕದ ಚಿತ್ರದ ಮೇಲಿಟ್ಟರೆ ಅಂತರ ಬೇರೆ. ಹನ್ನೊಂದೂ ನನ್ನ ತಲೆಯಾಟದ ಲೆಕ್ಕಕ್ಕೆ ಒಪ್ಪಿದವು. ಆಮೇಲೆ ಆ ಒಂಬತ್ತು. ಅದರಲ್ಲಿ ತಿರುಗಿದ್ದು ಯಾವ ಐದು ಎಂದು ಇವರು ಹೇಳಿರಲೂ ಇಲ್ಲ, ನಾನು ಕೇಳಿರಲೂ ಇಲ್ಲ. ಅಳೆದು, ಮತ್ತೆ ಅಳೆದು, ತಿರುಗಿದ್ದ ಐದನ್ನು ಗುರುತು ಹಾಕಿ ನೆನೆಸಿ, ಬಿಡಿಸಿ, ಈ ಸಲ ಕಿಟಕಿ ಬಾಗಿಲೆಲ್ಲ ಹಾಕಿಕೊಂಡು ಆ ಬೇಗೆಯಲ್ಲಿ ಬೆವರು ಸುರಿಸುತ್ತಾ ಅಂಟಿಸಿದೆ. ಸುರುಟಿದ ಅಂಚನ್ನು ಇಸ್ತ್ರಿಪೆಟ್ಟಿಗೆಯ ಕೆಳಗಿಟ್ಟೆ. ಇವರು ದೂರಬೀನಿಗಿಟ್ಟು ನೋಡಿ ಒಂದು ಮಾತು ಹೇಳಬಹುದು ಎಂದು ಎಲ್ಲವನ್ನೂ ಮೇಜಿನ ಮೇಲೆ ಎದ್ದು ಕಾಣುವಂತೆ ಜೋಡಿಸಿದೆ. ಮುಟ್ಟಲೇ ಇಲ್ಲ. ಅದು ನಂಬಿಕೆಯೋ, ಇನ್ನು ನಿನ್ನದೇನಿದ್ದರೂ ನನಗೆ ಬೇಡ ಎನ್ನುವುದೋ ನನಗೆ ಅಳೆಯಲು ಬರಲಿಲ್ಲ. ಕೈವಾರ ಎಲ್ಲದಕ್ಕೂ ಆಗುವುದಿಲ್ಲ.

ಹದಿನೈದನೆಯ ದಿನ ಮತ್ತೆ ಅದೇ ರೈಲು. ಈ ಸಲ ಪೆಟ್ಟಿಗೆ ಇವರ ತೊಡೆಯ ಮೇಲಿತ್ತು, ಇವರು ನಿದ್ದೆ ಮಾಡಲಿಲ್ಲ.

ಮೋಟಾಭಾಯಿ ಅದೇ ಕೋಟು ಹಾಕಿ ಅದೇ ಉಯ್ಯಾಲೆಯಲ್ಲಿದ್ದರು. ಮುಖದಲ್ಲಿ ನಗು ಇರಲಿಲ್ಲ. ಒಂದೊಂದೇ ಚಿತ್ರ ನೋಡಿ, ಮಾತಾಡದೆ ಪಕ್ಕಕ್ಕೆ ಇಡುತ್ತಾ ಹೋದರು. ಮೊದಲ ದಿನದ ಕಥೆಗಳಿರಲಿ, ಒಂದು ಹೂಂಕಾರವೂ ಇಲ್ಲ. ಹತ್ತು, ಹನ್ನೆರಡು, ಹದಿನೇಳು. ಸೂರತ್ತಿನ ಗೋರಿಯನ್ನು ಕಡೆಗೆ ಉಳಿಸಿಕೊಂಡಿದ್ದರು. ಅದನ್ನು ಸಿಕ್ಕಿಸಿ ಕಣ್ಣಿಟ್ಟರು. ಮುದುಕರ ಕೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಎದುರಿಗಿದ್ದ ಯಾವುದನ್ನೋ ಹಿಡಿಯಲು ಮುಂದೆ ಹೋಯಿತು.

"ಬರಾಬರ್" ಎಂದರು. ಕಣ್ಣಿನಲ್ಲಿ ನೀರಿತ್ತು. "ಬರಾಬರ್ ಛೇ." ಸರಿಯಾಗಿದೆ ಎಂದು.

ಕಾಕಾ ಎದ್ದು ಇವರ ಬೆನ್ನು ತಟ್ಟಿದರು. ಮೋಟಾಭಾಯಿ ಉಯ್ಯಾಲೆಯಿಂದ ಇಳಿದು ನನ್ನ ಹತ್ತಿರ ಬಂದು, ದೂರಬೀನನ್ನು ಎರಡು ಕೈಯಲ್ಲಿ ಹಿಡಿದು, ಪ್ರಸಾದ ಕೊಡುವಂತೆ ಚಾಚಿದರು. "ಲೋ ಬೇನ್, ಜುವೋ." ನೀನೂ ನೋಡು ತಾಯಿ, ನೀನು ಮಾಡಿದ್ದು ಎಂದು.

ಇದೊಂದನ್ನು ನಾನು ಯೋಚಿಸಿರಲಿಲ್ಲ. ಎಲ್ಲರೂ ನಗುತ್ತಾ ನನ್ನ ಕಡೆ ನೋಡುತ್ತಿದ್ದರು. ಆ ಮುದುಕರಿಗೆ ಕಾಣುವುದಿಲ್ಲ ಎಂದು ಹೇಗೆ ಹೇಳಲಿ, ಇವರ ಎದುರಿಗೆ ಕಾಣುತ್ತದೆ ಎಂದು ಹೇಗೆ ಹೇಳಲಿ? ಕೈ ಮುಂದೆ ಹೋಯಿತು. ಮೂಗಿಗೇ ಬಂತು ಎನ್ನುವ ಹಳೇ ಸುಳ್ಳು ನಾಲಿಗೆಯ ತುದಿಗೆ ಬಂದು ಕೂತಿತ್ತು.

ನನಗಿಂತ ಮೊದಲು ಇವರು ಕೈ ಚಾಚಿ ದೂರಬೀನು ತೆಗೆದುಕೊಂಡರು. ನನ್ನ ಪಕ್ಕಕ್ಕೆ ಬಂದು ನಿಂತು, ತಮ್ಮ ಕಣ್ಣಿಗೆ ಇಟ್ಟುಕೊಂಡರು. ಹದಿನೈದು ದಿನಗಳ ನಂತರ ನನ್ನ ಜೊತೆ ಮಾತಾಡಿದ್ದು ಆಗಲೇ, ಕನ್ನಡದಲ್ಲಿ.

"ಎದುರಿಗೇ ಒಂದು ಕಂಬ ಇದೆ. ನಿನ್ನಿಂದ ನಾಲ್ಕು ಹೆಜ್ಜೆ."

ನಾನು ಹೂಂ ಎಂದೆ.

"ಅದರ ಹಿಂದೆ ಇನ್ನೊಂದು, ಅಲ್ಲಿಂದ ಮೂರು ಹೆಜ್ಜೆ. ಅದರಾಚೆ ಮೆಟ್ಟಿಲು. ಮೆಟ್ಟಿಲ ಮೇಲೆ ಪೇಟ ಸುತ್ತಿಕೊಂಡು ಒಬ್ಬ ಕೂತಿದ್ದಾನೆ. ಅವನ ಬೆನ್ನ ಹಿಂದೆ ಬಾಗಿಲು, ಬಾಗಿಲಲ್ಲಿ ಕತ್ತಲು."

"ಬಾಗಿಲು ಎಷ್ಟು ದೂರ?" ಎಂದೆ.

ಇವರು ರಟ್ಟನ್ನು ಸ್ವಲ್ಪ ಮುಂದೆ ಮಾಡಿದರು, ಹಿಂದೆ ಮಾಡಿದರು.

"ಅದು ನನಗೂ ಇಲ್ಲಿಂದ ಗೊತ್ತಾಗ್ತಿಲ್ಲ" ಎಂದರು. "ಸೂರತ್ತಿಗೇ ಹೋಗಿ ಹೆಜ್ಜೆ ಹಾಕಿ ನೋಡೋಣ, ಇಬ್ರೂ."